ದುಂಡ ತಂದ ಅತ್ತಿಹಣ್ಣು

ಒಂದು ಕಾಡಿನಲ್ಲಿ ದುಂಡ ಎಂಬ ಕರಡಿ ಇದ್ದ. ಮರಿಯಾಗಿದ್ದಾಗ ಒಮ್ಮೆ ಹಸಿವು ತಾಳಲಾರದೆ ಅಳಿಲೊಂದು ಕೂಡಿಟ್ಟ ಕಾಯಿಗಳನ್ನು ತಿಂದುಬಿಟ್ಟಿದ್ದ. ಅಂದಿನಿಂದ ಎಲ್ಲರೂ ಅವನನ್ನು ಕಳ್ಳ ದುಂಡ ಎಂದೇ ಕರೆದರು. ಕೇಳಿ ಕೇಳಿ ದುಂಡನೂ ಅದನ್ನೇ ನಂಬಿದ. ಹೇಗೂ ಕಳ್ಳನಲ್ಲವೇ ಎಂದು ದಿನವೂ ಕದ್ದ. ಕದ್ದಷ್ಟೂ ಆ ಹೆಸರು ಗಟ್ಟಿಯಾಯಿತು.

ಇದರಿಂದ ಲಾಭವಾದದ್ದು ಸೋಗಯ್ಯ ಎಂಬ ನರಿಗೆ. ಅವನಿಗೆ ಮರ ಹತ್ತಲು ಬಾರದು. ದುಂಡ ಗೂಡುಗಳಿಂದ ಮೊಟ್ಟೆ ಇಳಿಸಿದರೆ ಸೋಗಯ್ಯ ಕೆಳಗೆ ಕುಳಿತು ಮುಕ್ಕಾಲು ಪಾಲು ಮುಗಿಸುತ್ತಿದ್ದ. ದುಂಡ ಹಿಂಜರಿದಾಗಲೆಲ್ಲ ಬೆನ್ನು ಸವರಿ, ಹುಟ್ಟುಗುಣ ಸುಟ್ಟರೂ ಹೋಗದು ಅಳಿಯಾ ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಕೊಂಬಣ್ಣ ಎಂಬ ಮಂಗಟ್ಟೆ ಹಕ್ಕಿ ರೆಕ್ಕೆಗೆ ಏಟು ಬಿದ್ದು ಮತ್ತಿಮರದ ಕೆಳಗೆ ನರಳುತ್ತಿದ್ದ. ಮಂಗಟ್ಟೆಗಳ ಪದ್ಧತಿಯಂತೆ ಅವನ ಹೆಂಡತಿ ಅದೇ ಮರದ ಪೊಟರೆಯಲ್ಲಿ ಮರಿಗಳೊಡನೆ ಕುಳಿತು, ಪೊಟರೆಯ ಬಾಯಿಗೆ ಮಣ್ಣಿನ ಗೋಡೆ ಕಟ್ಟಿಕೊಂಡಿದ್ದಳು. ಕೊಕ್ಕು ತೂರುವಷ್ಟು ಸೀಳು ಮಾತ್ರ ಇತ್ತು. ಗಂಡ ಹಣ್ಣು ತಂದುಕೊಡದಿದ್ದರೆ ಒಳಗಿದ್ದವರಿಗೆ ಉಪವಾಸವೇ ಗತಿ. ಆ ದಾರಿಯಲ್ಲಿ ಬಂದವನು ದುಂಡ ಒಬ್ಬನೇ. ಅತ್ತಿಹಣ್ಣು ತಂದು ಮೇಲೆ ಕೊಡುವೆಯಾ ಎಂದು ಕೊಂಬಣ್ಣ ಅವನನ್ನೇ ಕೇಳಿದ.

"ನಾನು ಕಳ್ಳ ಅಂತ ನಿನಗೆ ಗೊತ್ತಿಲ್ಲವಾ ಅಣ್ಣ?" ಎಂದ ದುಂಡ.

"ನೀನು ಯಾರು ಅಂತ ನಾನು ಕೇಳಲಿಲ್ಲ ತಮ್ಮ. ಇವತ್ತು ಹಣ್ಣು ತರುತ್ತೀಯಾ ಅಂತ ಕೇಳಿದೆ."

ದುಂಡ ಬಾಯಿತುಂಬ ಹಣ್ಣು ಇಟ್ಟುಕೊಂಡು ಹೊರಟ. ದಾರಿಯಲ್ಲಿ ಒಂದೊಂದೇ ಗಂಟಲಿಗಿಳಿಯಿತು. ಮರ ಹತ್ತುವಾಗ ಉಳಿದದ್ದು ಎರಡೇ. ನಾಚಿಕೊಂಡು ಅವನ್ನೇ ಕೊಟ್ಟ. ಕೊಂಬಣ್ಣ ಬೈಯಲಿಲ್ಲ, ನಾಳೆಯೂ ಬಾ ಎಂದ. ಮರುದಿನ ಐದು ಉಳಿದವು. ಇನ್ನೊಂದು ದಿನ ಎಲ್ಲವನ್ನೂ ನುಂಗಿಬಿಟ್ಟು, ಮನಸ್ಸು ತಡೆಯದೆ ಅರ್ಧ ದಾರಿಯಿಂದ ಹಿಂದಿರುಗಿ ಮತ್ತೆ ಕಿತ್ತು ತಂದ. ಬರಬರುತ್ತಾ ಮೊದಲು ತಾನು ಹೊಟ್ಟೆತುಂಬ ತಿಂದು, ಆಮೇಲೆ ಮರಿಗಳಿಗೆ ತರುವುದು ರೂಢಿಯಾಯಿತು. ಬೆಳಕು ಹರಿದರೆ ಕಾಲು ತಾನಾಗಿ ಅತ್ತಿಮರದ ಕಡೆ ತಿರುಗುತ್ತಿತ್ತು. ಸೀಳಿನಲ್ಲಿ ಪುಟ್ಟ ಕೊಕ್ಕುಗಳು ಕಂಡರೆ ಅವನ ಎದೆ ಹಗುರಾಗುತ್ತಿತ್ತು.

ಇದನ್ನೆಲ್ಲ ಸೋಗಯ್ಯ ಮರೆಯಲ್ಲಿ ನಿಂತು ನೋಡಿದ. ಒಂದು ದಿನ ದುಂಡನ ಬಳಿ ಬಂದು, ಮರಿಗಳು ಕೊಬ್ಬಿವೆ, ಗೋಡೆ ಒಡೆದು ಕೆಳಗೆ ಹಾಕು ಎಂದ. ಹಾಕದಿದ್ದರೆ ನೀನೇ ಅವನ್ನು ತಿಂದೆ ಎಂದು ಕಾಡಿಗೆಲ್ಲ ಸಾರುತ್ತೇನೆ, ಕಳ್ಳನ ಮಾತನ್ನು ಯಾರು ನಂಬುತ್ತಾರೆ ಎಂದು ಹೆದರಿಸಿದ.

ಯಾರೂ ನಂಬುವುದಿಲ್ಲವೆಂದು ದುಂಡನಿಗೂ ಗೊತ್ತಿತ್ತು. ಆದರೂ ಮೆಲ್ಲಗೆ ಹೇಳಿದ: "ಮಾವ, ಈ ಮರಿಗಳಿಗೆ ದಿನಾ ಹಣ್ಣು ಕೊಡುವವನು ನಾನು. ನೀನು ಹೇಳುವ ಕೆಲಸ ಇನ್ನು ನನ್ನಿಂದಾಗದು."

ಮರುದಿನ ಕೊಂಬಣ್ಣ ನೀರು ಕುಡಿಯಲು ಹಳ್ಳದ ಕಡೆ ಹೋದ ಹೊತ್ತು ನೋಡಿ ಸೋಗಯ್ಯ ಎಲ್ಲರನ್ನೂ ಕೂಗಿ ಕರೆತಂದ. ದುಂಡ ಮರಿಗಳನ್ನು ತಿಂದದ್ದನ್ನು ಕಣ್ಣಾರೆ ಕಂಡೆ ಎಂದು ಅತ್ತ. ಎತ್ತರದ ಪೊಟರೆಯೊಳಗೆ ಯಾರಿದ್ದಾರೆಂದು ಕೆಳಗಿದ್ದವರಿಗೆ ತಿಳಿಯುವಂತಿರಲಿಲ್ಲ. ಜಿಂಕೆಗಳು ಶಪಿಸಿದವು. ಕಾಡೆಮ್ಮೆ ಕೊಂಬು ಬಗ್ಗಿಸಿ ಬಂದ. ಆಗಷ್ಟೇ ಬಂದಿದ್ದ ದುಂಡನ ಬಾಯಿತುಂಬ ಹಣ್ಣಿತ್ತು. ಮಾತಾಡಬೇಕಾದರೆ ಅದನ್ನು ಉಗುಳಬೇಕು. ಅವನು ಉಗುಳಲಿಲ್ಲ. ಬೈಗುಳದ ನಡುವೆಯೇ ಮರ ಹತ್ತಿ, ಎಂದಿನಂತೆ ಸೀಳಿಗೆ ಬಾಯಿ ಇಟ್ಟ. ಒಳಗಿನಿಂದ ಒಂದು ದೊಡ್ಡ ಕೊಕ್ಕು, ಅದರ ಹಿಂದೆ ಎರಡು ಪುಟ್ಟ ಕೊಕ್ಕು ಹೊರಬಂದು ಹಣ್ಣು ತೆಗೆದುಕೊಂಡವು.

ಕೆಳಗೆ ಎಲ್ಲರೂ ಕತ್ತೆತ್ತಿ ಆ ಕೊಕ್ಕುಗಳನ್ನು ನೋಡಿದರು.

"ಕಣ್ಣಾರೆ ಕಂಡದ್ದು ಯಾವ ಮರಿಗಳನ್ನು?" ಎಂದು ಕಾಡೆಮ್ಮೆ ನರಿಯತ್ತ ತಿರುಗಿದ. ಸೋಗಯ್ಯ ಕಾಲಿಗೆ ಬುದ್ಧಿ ಹೇಳಿದ. ಆಮೇಲೆ ಆ ಕಾಡಿನಲ್ಲಿ ಅವನ ಮಾತಿಗೆ ಬೆಲೆ ಸಿಗಲಿಲ್ಲ. ಮರ ಹತ್ತಿಕೊಡುವವರೂ ಸಿಗದೆ, ಹಳ್ಳದ ದಂಡೆಯಲ್ಲಿ ಏಡಿ ಹಿಡಿಯಲು ಹೋಗಿ ಮೂತಿ ಕಚ್ಚಿಸಿಕೊಂಡು ತಿರುಗಿದ.

ಕೆಲವು ದಿನಗಳ ಬಳಿಕ ಗೋಡೆ ಒಡೆದು ಮರಿಗಳು ಹಾರಿಹೋದವು. ಗೊತ್ತಿಲ್ಲದೆ ದುಂಡ ಅಂದೂ ಹಣ್ಣು ತಂದ. ಬರಿದಾದ ಪೊಟರೆಯನ್ನು ನೋಡಿ ಕೆಳಗಿಳಿದ. ಆಮೇಲೆ ಕುಂಟುತ್ತಾ ಹೋಗುತ್ತಿದ್ದ ಮುದಿ ಮುಳ್ಳುಹಂದಿಯ ಮುಂದೆ ಹಣ್ಣುಗಳನ್ನು ಇಟ್ಟ.

ನೀತಿ: ನಾವು ದಿನದಿನವೂ ಏನು ಮಾಡುತ್ತೇವೋ ಕೊನೆಗೆ ಅದೇ ಆಗುತ್ತೇವೆ, ಊರವರು ಇಟ್ಟ ಹೆಸರಿಗಿಂತ ನಾವು ಬೆಳೆಸಿಕೊಂಡ ರೂಢಿ ದೊಡ್ಡದು.