ಕೆಂಡ ಹರಡಿದ ತಂದೆ

"ತಪ್ಪು ಮಾಡಿದೆ. ಕ್ಷಮೆ ಕೇಳಿದೆ. ಅವನು ಮನಸಾರೆ ಕ್ಷಮಿಸಿದ. ಆದರೂ ನನ್ನ ಮನಸ್ಸು ಹಗುರವಾಗಿಲ್ಲ. ಏಕೆ, ಗುರುಗಳೇ?" ಎಂದು ಮೃತ್ಯುಂಜಯ ಕೇಳಿದ.

ಸಂಜೆಯ ಪಾಠ ಮುಗಿದಿತ್ತು. ಉಳಿದ ಶಿಷ್ಯರು ಎದ್ದು ಹೋಗಿದ್ದರು. ತಾನು ಮಾಡಿದ ತಪ್ಪು ಏನೆಂದು ಮೃತ್ಯುಂಜಯ ಹೇಳಲಿಲ್ಲ. ಗುರುಗಳು ಕೇಳಲೂ ಇಲ್ಲ. ಕೂತುಕೋ ಎಂದು ಕೈಸನ್ನೆ ಮಾಡಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಡಿಗೆಯವನಿದ್ದ. ಆ ಊರಿನ ಜನ ಮದುವೆ ಗೊತ್ತಾದರೆ ಮೊದಲು ಅವನ ಮನೆಗೆ ಬಂದು, ಅವನು ಯಾವಾಗ ಬಿಡುವಾಗಿದ್ದಾನೆ ಎಂದು ತಿಳಿದುಕೊಂಡು, ಆಮೇಲೆ ಪುರೋಹಿತರ ಬಳಿ ಮುಹೂರ್ತ ಇಡಿಸುತ್ತಿದ್ದರು. ಅವನ ಕೈಯಡಿಗೆಗೆ ಅಂಥ ಹೆಸರು. ಸಾರಿಗೆ ಉಪ್ಪು ಕಡಿಮೆಯಾಗಿದೆಯೇ ಎಂದು ಅವನು ನಾಲಿಗೆಗೆ ಹಚ್ಚಿ ನೋಡುತ್ತಿರಲಿಲ್ಲ. ಕುದಿಯುವ ಪಾತ್ರೆಯ ವಾಸನೆಯಿಂದಲೇ ಹೇಳುತ್ತಿದ್ದ. ಊರಿಗೆಲ್ಲ ಬಡಿಸಿದವನು ತಾನು ಮಾತ್ರ ಎಲ್ಲರ ಊಟವಾದ ಮೇಲೆ, ಒಲೆಯ ಪಕ್ಕ ನಿಂತುಕೊಂಡೇ ಒಂದಿಷ್ಟು ಮಜ್ಜಿಗೆ ಅನ್ನ ಉಂಡು ಮುಗಿಸುತ್ತಿದ್ದ.

ಬೇರೆಯವರು ಮಾಡಿದ್ದು ಅವನಿಗೆ ರುಚಿಸುತ್ತಿರಲಿಲ್ಲ. ಎಲೆಯ ಮುಂದೆ ಕೂತ ಕೂಡಲೇ ಬೇಳೆ ಬೆಂದಿಲ್ಲ, ಒಗ್ಗರಣೆ ಸೀದಿದೆ ಎಂಬ ಮಾತು ಬಾಯಿಗೆ ಬರುತ್ತಿತ್ತು. ಅದು ಜಂಬವೆಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಗೊತ್ತಿರುವವನು ಗೊತ್ತಿರುವುದನ್ನು ಹೇಳಬೇಕು, ಅಷ್ಟೇ ಎಂದುಕೊಂಡಿದ್ದ.

ಅವನಿಗೆ ಒಬ್ಬನೇ ಮಗ, ಶಂಭು. ಚಿಕ್ಕವನಿದ್ದಾಗ ಶಂಭು ತಂದೆಯ ಬೆನ್ನು ಹಿಡಿದು ಮದುವೆಮನೆಗಳಿಗೆ ಹೋಗುತ್ತಿದ್ದ. ಒಮ್ಮೆ ಅವನು ಕಲಸಿಟ್ಟ ಪೂರಿ ಹಿಟ್ಟನ್ನು ತಂದೆ ಎಲ್ಲರೆದುರು ಮತ್ತೆ ಬಿಡಿಸಿ ಕಲಸಿದ. ಬೈಯಲಿಲ್ಲ. "ನಿನಗೆ ಇದು ಕೈಗೆ ಹತ್ತೋದಿಲ್ಲ ಬಿಡು" ಎಂದ, ನಗುತ್ತಲೇ. ಶಂಭು ಮುಂದಿನ ಮದುವೆಗೆ ಬರಲಿಲ್ಲ. ದೊಡ್ಡವನಾದ ಮೇಲೆ ವೆಲ್ಡಿಂಗ್ ಕಲಿತು ಬಸ್ ನಿಲ್ದಾಣದ ಹಿಂದೆ ಅಂಗಡಿ ಇಟ್ಟ. ಗೇಟು, ಕಿಟಕಿಯ ಗ್ರಿಲ್ಲು ಮಾಡಿಕೊಡುತ್ತಿದ್ದ. ತಂದೆಮಗನ ನಡುವೆ ಜಗಳವಿರಲಿಲ್ಲ. ಮಾತೂ ಹೆಚ್ಚಿರಲಿಲ್ಲ.

ಅಡಿಗೆಯವನಿಗೆ ವಯಸ್ಸಾಯಿತು. ಬಲಗೈಯ ಭುಜ ಹಿಡಿದುಕೊಂಡಿತು. ದೊಡ್ಡ ಸೌಟನ್ನು ಎತ್ತಲು ಆಗದೆ ಹೋದಾಗ ಅವನು ಕೆಲಸ ಬಿಟ್ಟ. ಕೊಪ್ಪರಿಗೆ, ಜಾಲರಿ ಸೌಟುಗಳನ್ನು ಜೊತೆಯ ಅಡಿಗೆಯವರಿಗೆ ಕೊಟ್ಟುಬಿಟ್ಟ. ಬೆಳಗಾದರೆ ಜಗಲಿಯ ಮೇಲೆ ಸುಮ್ಮನೆ ಕೂರುತ್ತಿದ್ದ.

ಒಂದು ದಿನ ಶಂಭು ಅವನ ಪಕ್ಕದಲ್ಲಿ ಬಂದು ಕೂತ.

"ಅಪ್ಪ, ಈ ಭಾನುವಾರ ಸಂಜೆ ನೀವು ಏನೂ ಮಾಡಬಾರದು. ಅಂಗಳದಲ್ಲಿ ಕುರ್ಚಿ ಹಾಕ್ತೀನಿ, ಕೂತ್ಕೊಳ್ಳಿ. ನಾನು ಮಾಡಿ ಬಡಿಸ್ತೀನಿ."

"ನೀನಾ? ಏನು ಮಾಡ್ತೀಯೋ?"

"ಪಿಜ್ಜಾ."

ಅಡಿಗೆಯವನು ಗಟ್ಟಿಯಾಗಿ ನಕ್ಕ. ಈಚೆಗೆ ಮದುವೆಮನೆಗಳಲ್ಲಿ ಹುಡುಗರು ಮೂಲೆಯಲ್ಲೊಂದು ಮೇಜು ಹಾಕಿ ಅದನ್ನು ಮಾಡಿಕೊಡುವುದನ್ನು ಅವನು ದೂರದಿಂದ ನೋಡಿದ್ದ. ಹತ್ತಿರ ಹೋಗಿರಲಿಲ್ಲ. ತಿಂದಂತೂ ಇರಲಿಲ್ಲ. "ಆಗಲಿ, ನೋಡೇಬಿಡೋಣ" ಎಂದ.

ಭಾನುವಾರ ಶಂಭು ತಾನೇ ಮಾಡಿದ ಒಲೆಯೊಂದನ್ನು ಆಟೋದಲ್ಲಿ ಹಾಕಿಕೊಂಡು ಬಂದ. ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ, ನಾಲ್ಕು ಕಾಲು ಬೆಸೆದು, ಮೇಲೆ ಒತ್ತಾಗಿ ಸರಳು ಜೋಡಿಸಿದ್ದ. ಡ್ರಮ್ಮಿನ ಇನ್ನೊಂದು ಹೋಳು ಮುಚ್ಚಳವಾಗಿತ್ತು. ಬೀದಿಯವರೆಲ್ಲ ನೋಡಲು ಬಂದರು. "ಕಿಟಕಿಗೆ ಗ್ರಿಲ್ ಮಾಡ್ತಿದ್ದೋನು ಒಲೆಗೂ ಗ್ರಿಲ್ ಹಾಕಿಬಿಟ್ಟೆಯಲ್ಲೋ" ಎಂದು ಎದುರುಮನೆಯವನು ತಮಾಷೆ ಮಾಡಿದ. ಎಲ್ಲರಿಗಿಂತ ಹೆಚ್ಚು ನಕ್ಕವನು ಶಂಭುವೇ.

ಅಡಿಗೆಯವನು ಕುರ್ಚಿಯಲ್ಲಿ ಕೂತ. ಈಸ್ಟ್ ಹಾಕಿ ಕಲಸಿದ ಮೈದಾ ಹಿಟ್ಟು ಒದ್ದೆ ಬಟ್ಟೆಯ ಕೆಳಗಿತ್ತು. ಮಗ ಬಟ್ಟೆ ಸರಿಸಿದಾಗ ತಂದೆ ಕತ್ತು ಚಾಚಿ ನೋಡಿದ. ಹಿಟ್ಟು ಚೆನ್ನಾಗಿ ಉಬ್ಬಿತ್ತು. ಹದವಾಗಿದೆ ಎಂದು ಹೇಳಬೇಕೆನ್ನಿಸಿತು. ತಿಂದ ಮೇಲೆ ಹೇಳಿದರಾಯಿತು ಎಂದುಕೊಂಡ.

ಇದ್ದಿಲು ನಿಗಿನಿಗಿ ಕೆಂಡವಾಯಿತು. ಶಂಭು ಆ ಕೆಂಡವನ್ನೆಲ್ಲ ಒಲೆಯ ಒಂದು ಅರ್ಧಕ್ಕೆ ಗುಡ್ಡೆ ಹಾಕಿದ. ಇನ್ನೊಂದು ಅರ್ಧವನ್ನು ಖಾಲಿ ಬಿಟ್ಟ. ಹಿಟ್ಟಿನ ಉಂಡೆಯನ್ನು ಎಣ್ಣೆಗೈಯಲ್ಲಿ ತಟ್ಟಿ, ಕೆಂಡದ ಮೇಲಿನ ಸರಳುಗಳ ಮೇಲೆ ಹಾಕಿದ. ರೊಟ್ಟಿಯ ಮೇಲೆ ಗುಳ್ಳೆಗಳೆದ್ದವು. ಮಗುಚಿದ. ಬೆಂದ ಮೈಯ ಮೇಲೆ ಟೊಮೆಟೊ ಗೊಜ್ಜು ಸವರತೊಡಗಿದ. ಎಲ್ಲರೂ ನೋಡುತ್ತಿದ್ದರು, ತಂದೆ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಶಂಭು ಒಮ್ಮೆ ಸವರಿದ್ದನ್ನೇ ಮತ್ತೆ ಮತ್ತೆ ಸವರಿದ. ಗೊಜ್ಜು ಸವರುವುದು ತಡವಾಗಿ ರೊಟ್ಟಿಯ ಒಂದು ಅಂಚು ಕಪ್ಪಾಯಿತು.

ಅಡಿಗೆಯವನು ಯಾವಾಗ ಎದ್ದನೋ ಅವನಿಗೇ ತಿಳಿಯಲಿಲ್ಲ.

"ಶಂಭೂ, ಇಲ್ಲಿ ಕೊಡು" ಎಂದು ಮಗನ ಕೈಯಿಂದ ಇಕ್ಕಳ ತೆಗೆದುಕೊಂಡ. "ಕೆಂಡಾನ ಹೀಗೆ ಗುಡ್ಡೆ ಹಾಕಿದರೆ ಒಂದು ಕಡೆ ಸೀಯುತ್ತೆ, ಇನ್ನೊಂದು ಕಡೆ ಬೇಯೋದೇ ಇಲ್ಲ."

ಸರಳುಗಳನ್ನು ಎತ್ತಿಸಿ, ಕೆಂಡವನ್ನು ಒಲೆಯ ತುಂಬ ಸಮನಾಗಿ ಹರಡಿದ.

"ಅಪ್ಪ, ಅದು..." ಎಂದ ಮಗ.

"ನೀನು ಗೊಜ್ಜು ಸವರಿಕೊಡು, ಸಾಕು."

ಆ ಸಂಜೆ ಅಡಿಗೆಯವನಿಗೆ ಭುಜದ ನೋವು ನೆನಪಾಗಲಿಲ್ಲ. ಕೆಳಗೆ ಸೀಯುತ್ತಿದೆ ಅನ್ನಿಸಿದ ಗಳಿಗೆಯಲ್ಲೇ ರೊಟ್ಟಿಯನ್ನು ಎತ್ತಿ ಹಿಡಿಯುತ್ತಿದ್ದ, ತಿರುಗಿಸುತ್ತಿದ್ದ, ಮುಚ್ಚಳ ಹಾಕಿ ತೆಗೆಯುತ್ತಿದ್ದ. ಕಂಡರಿಯದ ಅಡಿಗೆ ಅವನ ಕೈಗೆ ಬಗ್ಗಿತು. ಒಂದಾದ ಮೇಲೊಂದು ಪಿಜ್ಜಾ ಕೆಂಪಗೆ ಬೆಂದು ಇಳಿದವು. "ಕೈ ಅಂದರೆ ಇದಪ್ಪ!" ಎಂದು ಜನ ಬೆರಳು ಚೀಪಿದರು. ಶಂಭು ತಟ್ಟೆ ಹಿಡಿದು ಎಲ್ಲರಿಗೂ ಹಂಚಿದ. ಕೊನೆಯದನ್ನು ತಂದೆಗೆ ಕೊಟ್ಟ. ತಂದೆ ಅದನ್ನು ಒಲೆಯ ಪಕ್ಕ ನಿಂತುಕೊಂಡೇ ತಿಂದ. ಕುರ್ಚಿಯಲ್ಲಿ ಎದುರುಮನೆಯವನ ಮೊಮ್ಮಗಳು ಕೂತಿದ್ದಳು.

ಮಾರನೆಯ ಬೆಳಿಗ್ಗೆ ಹೆಂಡತಿ ಅಂಗಳದ ಬೂದಿ ಗುಡಿಸುತ್ತಿದ್ದಳು. ಅಡಿಗೆಯವನಿಗೆ ಹಿಂದಿನ ಸಂಜೆಯ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. "ಮುಂದಿನ ಸಲ ಹಿಟ್ಟಿಗೆ ಒಂಚೂರು ಮೊಸರು ಹಾಕೋದಕ್ಕೆ ಹೇಳಬೇಕು ಅವನಿಗೆ" ಎಂದ.

ಅವಳು ಪೊರಕೆ ಕೆಳಗಿಟ್ಟಳು.

"ಅವನು ಅದನ್ನೇ ಯಾಕೆ ಮಾಡಿದ ಅಂತ ಗೊತ್ತಾ ನಿಮಗೆ?"

"ಯಾಕೆ?"

"ಅನ್ನ ಸಾರು ಮಾಡಿದರೆ ಅಪ್ಪ ತಪ್ಪು ಹಿಡೀತಾರಮ್ಮ, ಅವರಿಗೆ ಗೊತ್ತಿಲ್ಲದ್ದೇ ಏನಾದರೂ ಮಾಡ್ತೀನಿ, ಆಗ ಸುಮ್ಮನೆ ಕೂತು ತಿಂತಾರೆ ಅಂದ. ಅಂಗಡಿ ಹಿಂದೆ ಎಷ್ಟೋ ದಿನದಿಂದ ಮಾಡಿ ಮಾಡಿ ನೋಡ್ತಿದ್ದ. ಸುಟ್ಟಿದ್ದನ್ನೆಲ್ಲ ತಾನೇ ತಿಂದ. ಕೆಂಡ ಒಂದು ಕಡೆಗೆ ಗುಡ್ಡೆ ಹಾಕಿದ್ದು ಬೇಕೂಂತಲೇ. ಕೆಂಡದ ಮೇಲೆ ರೊಟ್ಟಿ ಬೇಯಿಸಿ, ಆಮೇಲೆ ಖಾಲಿ ಕಡೆಗೆ ಸರಿಸಿ ಮುಚ್ಚಳ ಹಾಕಿದರೆ, ಕೆಳಗೆ ಸೀಯದ ಹಾಗೆ ಮೇಲಿನ ಚೀಸ್ ಕರಗುತ್ತಂತೆ. ನನಗೆ ಮಾಡಿ ತೋರಿಸಿದ್ದ. ನಿಮಗೆ ಹೇಳೋಕೆ ಬಂದ, ನೀವು ಕೇಳಲಿಲ್ಲ."

ಅಡಿಗೆಯವನು ಚಪ್ಪಲಿ ಮೆಟ್ಟಿಕೊಂಡು ಮಗನ ಅಂಗಡಿಗೆ ನಡೆದ. ಅಲ್ಲಿಗೆ ಅವನು ಹೋಗುತ್ತಿದ್ದದ್ದು ಕಡಿಮೆ. ಅಂಗಡಿಯ ಹಿಂದೆ, ಗೋಡೆಯ ಬುಡದಲ್ಲಿ, ಇಟ್ಟಿಗೆ ಜೋಡಿಸಿದ ಒಲೆಯೊಂದಿತ್ತು. ಸುತ್ತ ಬೂದಿ ರಾಶಿ ಬಿದ್ದಿತ್ತು. ಅದನ್ನು ನೋಡುತ್ತ ನಿಂತವನಿಗೆ ಹಿಂದಿನ ಸಂಜೆ ಮಗ "ಅಪ್ಪ, ಅದು" ಎಂದ ದನಿ ಈಗ ಸರಿಯಾಗಿ ಕೇಳಿಸಿತು.

ಶಂಭು ಕೆಲಸ ನಿಲ್ಲಿಸಿ ಎದ್ದು ಬಂದ.

"ತಪ್ಪಾಯ್ತು ಕಣೋ" ಎಂದ ತಂದೆ. ಆ ಮಾತನ್ನು ಅವನು ಮಗನಿಗೆ ಹಿಂದೆಂದೂ ಹೇಳಿರಲಿಲ್ಲ.

"ಅಯ್ಯೋ, ಬಿಡಿ ಅಪ್ಪ. ಇದಕ್ಕೆಲ್ಲ ತಪ್ಪಾಯ್ತು ಅಂತಾರಾ? ಎಲ್ಲರೂ ಹೊಟ್ಟೆ ತುಂಬ ತಿಂದರಲ್ಲ, ಸಾಕು."

ಶಂಭು ಸ್ಟೂಲು ಒರೆಸಿ ತಂದೆಯನ್ನು ಕೂರಿಸಿದ. ಚಹಾ ತರಿಸಿದ. ಅಡಿಗೆಯವನು ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದ. ಸಿಟ್ಟಿನ ಎಳೆಯೂ ಅಲ್ಲಿರಲಿಲ್ಲ. ಮಗ ನಿಜವಾಗಿಯೂ ಕ್ಷಮಿಸಿದ್ದ. ತಂದೆಗೆ ಕಣ್ಣು ತುಂಬಿ ಬಂತು.

"ಇನ್ನೊಂದು ಸಲ ಮಾಡ್ತೀಯಾ? ಈ ಸಲ ನಾನು ಕುರ್ಚಿ ಬಿಟ್ಟು ಏಳೋದಿಲ್ಲ."

"ಅದಕ್ಕೇನಂತೆ, ಮಾಡೋಣ."

ಮತ್ತೊಂದು ಭಾನುವಾರ ಬಂತು. ಈ ಸಲ ಹೊರಗಿನವರು ಯಾರೂ ಇರಲಿಲ್ಲ. ಅಡಿಗೆಯವನು ಎರಡು ಕೈಗಳನ್ನೂ ಮೊಣಕಾಲ ನಡುವೆ ಸೇರಿಸಿಕೊಂಡು ಕೂತ.

ಶಂಭು ಹಿಟ್ಟಿನ ಪಾತ್ರೆಯನ್ನು ಅವನ ಮುಂದೆ ಹಿಡಿದ. "ಅಪ್ಪ, ಇಷ್ಟು ಉಬ್ಬಿದರೆ ಸಾಕಾ?"

"ಸಾಕು. ತುಂಬ ಚೆನ್ನಾಗಿದೆ."

"ಉಂಡೆ ದೊಡ್ಡದಾಯ್ತಾ?"

"ಇಲ್ಲ, ಸರಿಯಾಗಿದೆ."

"ಎಣ್ಣೆ ಇಷ್ಟು ಹಚ್ಚಲಾ?"

ಹೋದ ಸಲ ಶಂಭು ಇದು ಯಾವುದನ್ನೂ ಕೇಳಿರಲಿಲ್ಲ. ಕೆಂಡ ಸಿದ್ಧವಾದಾಗ ಅವನು ಕಡ್ಡಿ ಹಿಡಿದು ಅದನ್ನು ಒಲೆಯ ತುಂಬ ಹರಡಲು ಹೊರಟ. ಅಡಿಗೆಯವನು ಕುರ್ಚಿಯ ತುದಿಗೆ ಸರಿದ. ಹರಡಬೇಡ ಎಂದರೆ ಅದೂ ಹೇಳಿಕೊಟ್ಟ ಹಾಗೆಯೇ ಆಗುತ್ತದೆ. ಹೇಳದಿದ್ದರೆ ರೊಟ್ಟಿ ಸೀಯುತ್ತದೆ. ಬಾಯಿಗೆ ಬಂದ ಮಾತನ್ನು ತಡೆದುಕೊಂಡು, "ನಿನಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ ಮಾಡಪ್ಪ" ಎಂದಷ್ಟೇ ಹೇಳಿದ.

"ನೀವು ಅವತ್ತು ಹರಡಿದಿರಲ್ಲ, ಅದೇ ಸರಿ" ಎಂದು ಶಂಭು ಹರಡಿದ.

ತಂದೆಯ ಚುರುಕು ಮಗನ ಕೈಗೆ ಇರಲಿಲ್ಲ. ಚೀಸ್ ಕರಗುವಷ್ಟರಲ್ಲಿ ರೊಟ್ಟಿಯ ತಳ ಇದ್ದಿಲಿನಂತಾಯಿತು. ಶಂಭು ಸೀದದ್ದನ್ನು ಕೆರೆದು, ತಟ್ಟೆಯಲ್ಲಿಟ್ಟು ತಂದೆಗೆ ಕೊಟ್ಟ. ಅಡಿಗೆಯವನು ಕೂತುಕೊಂಡೇ, ಕಪ್ಪಗಾದ ಭಾಗವನ್ನೂ ಬಿಡದೆ, ಪೂರ್ತಿ ತಿಂದ.

"ಚೆನ್ನಾಗಿದೆ ಕಣೋ."

"ಸುಳ್ಳು ಹೇಳಬೇಡಿ ಅಪ್ಪ" ಎಂದು ಮಗ ನಕ್ಕ. "ನೀವು ಮಾಡಿದ ಹಾಗೆ ಬರಲಿಲ್ಲ."

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅಡಿಗೆಯವನು ತಡೆದುಕೊಳ್ಳುತ್ತಿದ್ದ.

ಆಮೇಲೆ ಆ ಒಲೆ ಬಚ್ಚಲ ಗೋಡೆಗೆ ಒರಗಿ ನಿಂತಿತು. ಮತ್ತೆ ಯಾವಾಗ ಮಾಡೋಣ ಎಂದು ತಂದೆ ಕೇಳಿದಾಗಲೆಲ್ಲ "ಮಾಡೋಣ ಬಿಡಿ" ಎಂದು ಶಂಭು ಹೇಳುತ್ತಿದ್ದ. ಕಡೆಗೊಂದು ದಿನ, ಮಗ ಅಂಗಡಿಗೆ ಹೋಗಿದ್ದಾಗ, ಅಡಿಗೆಯವನು ತಾನೇ ಒಲೆ ಹೊತ್ತಿಸಿದ. ಕೆಂಡವನ್ನು ಒಂದು ಅರ್ಧಕ್ಕೆ ಗುಡ್ಡೆ ಹಾಕಿದ. ಹೆಂಡತಿಯನ್ನು ಕೇಳಿ ಕೇಳಿ, ಮಗ ಅವಳಿಗೆ ತೋರಿಸಿದ್ದ ಹಾಗೆಯೇ ಒಂದೊಂದನ್ನೂ ಮಾಡಿದ. ರೊಟ್ಟಿ ಬೆಂದ ಮೇಲೆ ಖಾಲಿ ಕಡೆಗೆ ಸರಿಸಿ, ಮುಚ್ಚಳ ಹಾಕಿ ಕಾದ. ಇಳಿಸಿ ಮುರಿದು ಬಾಯಿಗಿಟ್ಟ. ಅಂಚು ಗರಿಗರಿ, ನಡುವೆ ಮೆತ್ತಗೆ, ಎಲ್ಲೂ ಸೀದಿಲ್ಲ. ಊರೆಲ್ಲ ಬೆರಳು ಚೀಪಿದ ತನ್ನ ಪಿಜ್ಜಾಕ್ಕಿಂತ ಇದೇ ಚೆನ್ನಾಗಿತ್ತು. ಅವನ ನಾಲಿಗೆ ಅವನಿಗೆ ಸುಳ್ಳು ಹೇಳುವಂಥದ್ದಲ್ಲ.

ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಓಡಿದ.

"ಶಂಭೂ, ತಿಂದು ನೋಡು. ನಿನ್ನ ರೀತೀಲೇ ಮಾಡಿದೆ. ಕೆಂಡ ಒಂದೇ ಕಡೆಗೆ. ನನ್ನದಕ್ಕಿಂತ ಎಷ್ಟೋ ಚೆನ್ನಾಗಿ ಬಂದಿದೆ. ನೀನೇ ಸರಿ ಇದ್ದೆ ಕಣೋ."

ಶಂಭು ಕೈ ಒರೆಸಿಕೊಂಡು ಒಂದು ಚೂರು ಮುರಿದು ತಿಂದ. ಚೆನ್ನಾಗಿದೆ ಎಂದು ತಲೆಯಾಡಿಸಿದ.

"ನೀವು ಹೇಗೆ ಮಾಡಿದರೂ ಚೆನ್ನಾಗೇ ಬರುತ್ತೆ ಅಪ್ಪ" ಎಂದ.

ಹಾಗೆಂದು ಪ್ರೀತಿಯಿಂದ ತಂದೆಯ ತೋಳು ಮುಟ್ಟಿ, ಅರ್ಧಕ್ಕೆ ಬಿಟ್ಟ ಗೇಟಿನ ಕಡೆಗೆ ತಿರುಗಿದ. ಅಡಿಗೆಯವನು ಬಟ್ಟೆಯ ಗಂಟನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತ. ವೆಲ್ಡಿಂಗಿನ ಬೆಳಕು ಕಣ್ಣಿಗೆ ಚುಚ್ಚಿತು. ಅವನು ಮುಖ ತಿರುಗಿಸಿಕೊಂಡು ಮನೆಯ ದಾರಿ ಹಿಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆ ತಂದೆಯ ಮನಸ್ಸು ಕೊನೆಗೆ ಯಾವಾಗ ಹಗುರವಾಯಿತು, ಗುರುಗಳೇ?" ಎಂದು ಮೃತ್ಯುಂಜಯ ಕೇಳಿದ.

"ಮಗನ ಮನಸ್ಸು ಯಾವಾಗ ಹಗುರವಾಯಿತು ಎಂದು ನೀನು ಕೇಳಲಿಲ್ಲ" ಎಂದರು ಗುರುಗಳು.