ಕಿವಿಮನೆಯ ಎದುರು ಹಲಗೆ ಹಿಡಿದ ಹುಚ್ಚೆಂಗವ್ವ

ಯಾವ ಕಾಲವೆಂದು ಕೇಳಬೇಡಿ. ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಅವರಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಎರೆಹೊಲಗಳ ನಡುವೆ, ಕರೇಕೋಟೆ ಎಂಬ ಊರೊಂದಿತ್ತು. ಊರಿಗೊಂದು ಕೋಟೆ, ಕೋಟೆಗೊಬ್ಬ ನಾಯಕ. ಊರಾಚೆ ಮಾದಿಗರ ಕೇರಿ. ಆ ಕೇರಿಯಲ್ಲಿ ಹುಚ್ಚೆಂಗವ್ವ ಇದ್ದಳು. ಅವಳ ಗಂಡ ಮೈಲಪ್ಪ ಚರ್ಮದ ಹಲಗೆ ಬಡಿದು ಊರಿಗೆ ಸುದ್ದಿ ಸಾರುವವನು.

ಆ ಊರಿನ ಹಲಗೆಗೆ ಒಂದು ಕಟ್ಟಳೆ ಇತ್ತಂತೆ. ಸುಮ್ಮನೆ ಬಡಿಯುವ ಹಾಗಿರಲಿಲ್ಲ. ಎಮ್ಮೆ ಕಳೆದಿರಲಿ, ಕಂದಾಯ ಏರಿರಲಿ, ಸಾರಿಸುವವನು ಮೊದಲು ಊರಬಾಗಿಲಾದ ಅಗಸೆಯ ಮುಂದಿನ ಕಟ್ಟೆ ಹತ್ತಬೇಕು. ಹಲಗೆಯವನು ಅವನ ಹೆಸರು ಹೇಳಿಯೇ ಸುದ್ದಿ ಸಾರಬೇಕು. ಹಲಗೆ ಊರೆಲ್ಲ ಸುತ್ತಿ ವಾಪಸು ಬರುವ ತನಕ ಸಾರಿಸಿದವನು ಕಟ್ಟೆಯ ಮೇಲೆ ನಿಂತೇ ಇರಬೇಕು. ಯಾರು ಬಂದು ಏನು ಕೇಳಿದರೂ ಉತ್ತರ ಕೊಡಬೇಕು. ನಡುವೆ ಇಳಿದರೆ ಅವನ ಮಾತು ಸುಳ್ಳು. ಇನ್ನೂ ಒಂದಿತ್ತು. ಕೇಳಿಸಲಿಲ್ಲ ಎಂದು ಯಾವ ಮನೆಯವರು ಹೇಳಿದರೂ ಹಲಗೆಯವನು ಅವರ ಬಾಗಿಲಿಗೆ ಹೋಗಿ ಮತ್ತೆ ಸಾರಬೇಕು. ನಾಯಕನ ಅಜ್ಜನೇ ಒಮ್ಮೆ ಕಂದಾಯ ಏರಿಸಿ, ಕಟ್ಟೆಯ ಮೇಲೆ ಬಿಸಿಲಲ್ಲಿ ನಿಂತು, ಕುರುಬರ ಮುದುಕಿಯೊಬ್ಬಳ ಹತ್ತಿರ ಬೈಸಿಕೊಂಡಿದ್ದ ಎನ್ನುತ್ತಾರೆ.

ಹೀಗಿರುವಾಗ ನಾಯಕನಿಗೆ ಹೊಳೆಯಾಚೆಯ ವೈರಿಯ ಭಯ ಹತ್ತಿತು. ಭಯ ಹತ್ತಿದ ದೊರೆ ಮಾಡುವ ಕೆಲಸ ಒಂದೇ. ಕೋಟೆಯ ಮೂಲೆಯಲ್ಲಿ ಕಿಟಕಿಯಿಲ್ಲದ ಒಂದು ಮನೆ ಕಟ್ಟಿಸಿದ. ಊರವರು ಅದನ್ನು ಕಿವಿಮನೆ ಎಂದು ಕರೆದರು. ಒಳಗೆ ಯಾರಿದ್ದಾರೆ, ಯಾರ ಅಪ್ಪಣೆ ನಡೆಯುತ್ತದೆ, ಒಬ್ಬರಿಗೂ ತಿಳಿಯದು. ಅದರ ಯಜಮಾನನನ್ನು ಕಂಡವರಿಲ್ಲ. ದೊಡ್ಡಕಿವಿ ಎಂದು ಅವನಿಗೆ ಜನರೇ ಹೆಸರಿಟ್ಟರು.

ಮೊದಮೊದಲು ಕಿವಿಮನೆ ವೈರಿಯ ಮಾತು ಕೇಳುತ್ತಿತ್ತಂತೆ. ವೈರಿ ಬರಲೇ ಇಲ್ಲ. ಆದರೆ ಕಿವಿಮನೆಗೆ ಜೋಳ ಹೋಗುತ್ತಿತ್ತು, ತುಪ್ಪ ಹೋಗುತ್ತಿತ್ತು. ತಿಂದ ಜೋಳಕ್ಕೆ ಏನಾದರೂ ತೋರಿಸಬೇಕಲ್ಲ. ಬಾವಿಕಟ್ಟೆಯ ಹೆಂಗಸರ ಮಾತು ಕೇಳಿತು. ಕುಲುಮೆಯ ಮುಂದೆ ಕುಳಿತವರ ಮಾತು ಕೇಳಿತು. ಗಾಣದ ಸಿದ್ದಮ್ಮನ ಮಗ ಬಸವಂತ ಒಂದು ದಿನ, ಎಣ್ಣೆ ನಮ್ಮದು, ದೀಪ ಮಾತ್ರ ಕೋಟೆಯದು ಎಂದ. ಮರುದಿನದಿಂದ ಅವನಿಲ್ಲ. ಗಾಣದ ಎತ್ತು ನಿಂತಲ್ಲೇ ನಿಂತಿತ್ತಂತೆ.

ಆಮೇಲೆ ಮುಖ ಮುಚ್ಚಿಕೊಂಡ ಕಿವಿಮನೆಯವನೊಬ್ಬ ಮೈಲಪ್ಪನ ಹತ್ತಿರ ಬಂದ. ವೈರಿಯ ಜನ ಊರೊಳಗೆ ಸೇರಿದ್ದಾರೆ, ಅಕ್ಕಪಕ್ಕದವರ ಮೇಲೆ ಕಣ್ಣಿಡಿ, ಅನುಮಾನ ಬಂದರೆ ಬಂದು ಹೇಳಿ ಎಂದು ಸಾರು ಅಂದ. ಮೈಲಪ್ಪ ಬೆಂಕಿಗೆ ಹಲಗೆ ಕಾಯಿಸುತ್ತಾ ಕೇಳಿದ.

"ಕಟ್ಟಿ ಮ್ಯಾಲೆ ಯಾರು ನಿಂದರ್ತಾರ್ರೀ?"

"ಯಾರೂ ನಿಂದ್ರಂಗಿಲ್ಲ. ಇದು ಗುಟ್ಟಿನ ಕೆಲಸ."

"ಗುಟ್ಟಿಂದಾದ್ರ ಹಲಗಿ ಯಾಕ್ ಬೇಕ್ರೀ? ಕಿವ್ಯಾಗ ಊದಕೊಂತ ಹೋಗ್ರಿ."

ಕೇರಿಯಲ್ಲಿ ಇದ್ದವರೆಲ್ಲ ನಕ್ಕರು. ಮೈಲಪ್ಪ ಹಲಗೆಯನ್ನು ಗೂಟಕ್ಕೆ ಹಾಕಿದ. ಮಾರನೆಯ ದಿನ ಸೌದೆಗೆಂದು ಹೋದವನು ಮನೆಗೆ ಬರಲಿಲ್ಲ. ಕೊಡಲಿ ಮಾತ್ರ ಜಾಲಿಗಿಡದ ಬುಡದಲ್ಲಿ ಸಿಕ್ಕಿತು.

ಹುಚ್ಚೆಂಗವ್ವ ಹುಡುಕಿದಳು. ಚಾವಡಿಗೆ ಹೋದಳು. ಚಾವಡಿಯ ಶಾನುಭೋಗ, ನಮ್ಮಲ್ಲಿಲ್ಲ, ಕೋಟೆಯಲ್ಲಿ ಕೇಳು ಎಂದ. ಕೋಟೆ ಬಾಗಿಲಿಗೆ ಹೋದಳು. ಬಾಗಿಲ ಕಾಯುವವನು ಅವಳಿಗೆ ಗುರುತಿನವನೇ.

"ಯಣ್ಣಾ, ನನ್ ಗಂಡನ್ನ ಇಲ್ಲಿಗೆ ತಂದಾರೇನು?"

"ಮೈಲಪ್ಪ ಅನ್ನಾವ ಯಾರಬೇ? ಆ ಹೆಸರಿನಾವ ನನಗ ಗೊತ್ತಿಲ್ಲ."

"ನಿನ್ ಮಗಳ ಲಗ್ನದಾಗ ಮುಂದ ಹಲಗಿ ಬಡಕೊಂತ ಹೋದಾಂವ ಯಾರು ಹಂಗಾರ?"

ಅವನು ಈಟಿಯ ತುದಿ ನೋಡುತ್ತಾ ನಿಂತ. ನೋಡಿ, ಕಿವಿಮನೆಯ ಕೆಲಸ ಹೇಗಿರುತ್ತದೆ. ಒಬ್ಬನನ್ನು ಹಿಡಿದು ಇನ್ನೊಬ್ಬನ ಬಾಯಿ ಹೊಲಿಯುತ್ತದೆ.

ಅವಳು ನಾಯಕನ ಪಲ್ಲಕ್ಕಿಗೆ ಅಡ್ಡ ಬಿದ್ದಳಂತೆ. ನಾಯಕ ಕೆಟ್ಟವನಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಅವನು ಮೃದುವಾಗಿಯೇ ಹೇಳಿದನಂತೆ, ಕಿವಿಮನೆ ಏನು ಮಾಡುತ್ತದೋ ನಾನು ಕೇಳುವುದಿಲ್ಲ ತಾಯಿ, ನಾನು ಕೇಳಿದರೆ ನಾಡಿನ ರಕ್ಷಣೆ ಕೆಡುತ್ತದೆ ಎಂದು. ನಾನು ಹೇಳುತ್ತೇನೆ, ಕೇಳದೆ ಇರುವುದಕ್ಕೇ ಅವನು ಆ ಮನೆ ಕಟ್ಟಿಸಿದ್ದು. ಕೈ ಅವರದು, ನಿದ್ದೆ ಇವನದು.

ಕೆಲವು ದಿನ ಕಳೆದ ಮೇಲೆ, ಅವಳು ಹೊಲದಲ್ಲಿ ಕೊಯ್ದ ಜೋಳದ ಕೂಳೆ ಕೀಳುತ್ತಿರುವಾಗ, ಮುಖಕ್ಕೆ ವಸ್ತ್ರ ಸುತ್ತಿಕೊಂಡ ಒಬ್ಬ ಬದುವಿನ ಮೇಲೆ ಬಂದು ಕುಳಿತ. ನಿನ್ನ ಗಂಡ ಬೇಕೋ ಬೇಡವೋ ಎಂದು ಕೇಳಿದ. ಬೇಕಾದರೆ, ಅವನು ವೈರಿಯ ಕಡೆ ಓಡಿಹೋದ ಎಂದು ಊರ ಮುಂದೆ ಹೇಳು, ಹೇಳಿದರೆ ಬಿಡುತ್ತಾರೆ ಎಂದ. ಅವಳು ಕೂಳೆ ಕೀಳುವುದನ್ನು ಬಿಡಲಿಲ್ಲ.

"ಓಡಿಹೋದಾವನ್ನ ನೀವು ಹೆಂಗ ಬಿಡ್ತೀರಿ?" ಎಂದಳಂತೆ. "ಅಂದ್ರ ನಿಮ್ಮ ಹತ್ರಾನ ಅದಾನ."

ಅವನು ಎದ್ದು ಹೋದ. ಅಂದು ಹುಚ್ಚೆಂಗವ್ವ ಮನೆಗೆ ಬಂದು ಗೂಟದಿಂದ ಹಲಗೆ ಇಳಿಸಿದಳು. ಹೆಂಗಸು ಹಲಗೆ ಮುಟ್ಟಬಾರದೆಂದು ಕೇರಿಯ ಹಿರಿಯರು ಅಡ್ಡ ಬಂದರು. ಹಾಗಾದರೆ ನೀವೇ ಬಡಿಯಿರಿ ಎಂದು ಅವರ ಮುಂದೆ ಹಿಡಿದಳು. ಯಾರೂ ಕೈ ಚಾಚಲಿಲ್ಲ. ಆಮೇಲೆ ಯಾರೂ ಬೇಡ ಎನ್ನಲಿಲ್ಲ.

ಕಳೆದದ್ದನ್ನು ಸಾರಿಸುವ ಹಕ್ಕು ಎಲ್ಲರಿಗೂ ಇತ್ತಲ್ಲ, ಅವಳಿಗೂ ಇತ್ತು. ಆದರೆ ಬಡಿಯುವವಳು ಅವಳೇ, ಕಟ್ಟೆಯ ಮೇಲೆ ನಿಲ್ಲುವವರು ಯಾರು? ಮನೆಮನೆಗೆ ಹೋಗಿ ಕೇಳಿದಳು. ಬಾಗಿಲುಗಳು ಮುಚ್ಚಿಕೊಂಡವು. ಕೊನೆಗೆ ಗಾಣದ ಸಿದ್ದಮ್ಮ ಸೊಂಟ ಹಿಡಿದುಕೊಂಡು ಬಂದಳು. ನನ್ನ ಮಗನ ಹೆಸರನ್ನೂ ಸೇರಿಸಿ ಕೂಗು, ನಾನು ನಿಲ್ಲುತ್ತೇನೆ ಎಂದಳು. ಕೇರಿಯ ಹಲಗೆ, ಊರೊಳಗಿನ ಸಿದ್ದಮ್ಮ. ಆ ದಿನ ಇಬ್ಬರೂ ಅಗಸೆಯಲ್ಲಿ ಒಂದೇ ಹೆಜ್ಜೆಯಲ್ಲಿ ನಡೆದರು ಎನ್ನುತ್ತಾರೆ.

ಅವಳು ಸಾರಿದ್ದು ಇಷ್ಟೇ. ಮೈಲಪ್ಪ ಕಳೆದಿದ್ದಾನೆ, ಬಸವಂತ ಕಳೆದಿದ್ದಾನೆ, ಕಂಡವರು ಕಟ್ಟೆಗೆ ಬಂದು ಹೇಳಿ, ಹೆಂಡತಿ ಹುಚ್ಚೆಂಗವ್ವ ಮತ್ತು ತಾಯಿ ಸಿದ್ದಮ್ಮ ಸಾರಿಸುತ್ತಾರೆ. ಒಬ್ಬರೂ ಕಟ್ಟೆಯ ಹತ್ತಿರ ಬರಲಿಲ್ಲ. ಆದರೆ ಎಲ್ಲರೂ ಕೇಳಿದರು. ಅದುವರೆಗೆ ಪಿಸುಗುಟ್ಟುತ್ತಿದ್ದ ಎರಡು ಹೆಸರು ನಡುಬೀದಿಯಲ್ಲಿ ನಡೆದಾಡಿದವು.

ಕಿವಿಮನೆಗೆ ಅದನ್ನು ಸಹಿಸಲಾಗಲಿಲ್ಲ. ಮೈಲಪ್ಪನೂ ಬಸವಂತನೂ ವೈರಿಯ ಕಡೆ ಓಡಿಹೋಗಿದ್ದಾರೆ, ಹೆಂಗಸರು ಸುಳ್ಳು ಹೇಳುತ್ತಿದ್ದಾರೆ ಎಂದು ತಿರುಗಿ ಸಾರಿಸಬೇಕೆಂದು ದೊಡ್ಡಕಿವಿ ನಾಯಕನಿಗೆ ಹೇಳಿಕಳಿಸಿದ. ನಾಯಕ ಒಪ್ಪಿದ, ಆದರೆ ಕಟ್ಟಳೆಯಂತೆ ಒಬ್ಬ ನಿಲ್ಲಲೇಬೇಕು ಎಂದ. ಯಾಕೆಂದರೆ ಹಲಗೆಯ ಮೇಲೆ ನಂಬಿಕೆ ಹೋದರೆ ನಾಳೆ ಅವನ ಕಂದಾಯದ ಮಾತನ್ನೂ ಯಾರೂ ನಂಬುವುದಿಲ್ಲ.

ಶಾನುಭೋಗನನ್ನು ನಿಲ್ಲು ಎಂದರು. ಓಡಿಹೋದದ್ದನ್ನು ನಾನು ನೋಡಿಲ್ಲ ಎಂದು ಅವನು ಹಾಸಿಗೆ ಹಿಡಿದ. ತಳವಾರನನ್ನು ಕೇಳಿದರು. ಅವನು ಹೆಂಡತಿಯ ತವರಿಗೆ ಹೋದ. ಕೊನೆಗೆ ಕಿವಿಮನೆಯವರೇ ನಿಲ್ಲಬೇಕಾಯಿತು. ಅವರಲ್ಲೊಬ್ಬನನ್ನು ದೊಡ್ಡಕಿವಿ ಕಟ್ಟೆಗೆ ಅಟ್ಟಿದ. ಊರಿನ ಹಲಗೆ ಹುಚ್ಚೆಂಗವ್ವನ ಕೈಯಲ್ಲಿತ್ತಾದ್ದರಿಂದ ಹೊರಗಿನ ಹಳ್ಳಿಯಿಂದ ಮುದುಕಪ್ಪ ಎಂಬ ಹಲಗೆಯವನನ್ನು ಕರೆಸಿದರು.

ಬೆಳಿಗ್ಗೆ ಜನ ಬಂದು ನೋಡಿದರೆ ಕಟ್ಟೆಯ ಮೇಲೆ ನಿಂತವನು ಬಳೆಗಾರ ಪರಸಪ್ಪ. ಎಲ್ಲ ಮನೆಯ ಪಡಸಾಲೆಯಲ್ಲಿ ಕುಳಿತು ಹೆಣ್ಣುಮಕ್ಕಳ ಕೈ ಹಿಡಿದು ಬಳೆ ತೊಡಿಸಿದವನು. ಮಜ್ಜಿಗೆ ಕುಡಿದು, ಮನೆಯವರೆಲ್ಲ ಹೇಗಿದ್ದಾರೆ ಎಂದು ಕೇಳಿದವನು. ಹೆಂಗಸರು ತಮ್ಮ ತಮ್ಮ ಮುಂಗೈ ನೋಡಿಕೊಂಡರು.

ಮುದುಕಪ್ಪ ಪರಸಪ್ಪನ ಹೆಸರು ಹೇಳಿ ಹಲಗೆ ಬಡಿಯುತ್ತಾ ಹೊರಟ. ಬೀದಿಯ ತಿರುವಿನಲ್ಲಿ ಹುಚ್ಚೆಂಗವ್ವ ಅಡ್ಡ ನಿಂತಳು.

"ಯಣ್ಣಾ, ನನಗ ಕೇಳಿಸಲಿಲ್ಲ. ಇನ್ನೊಮ್ಮೆ ಸಾರು."

ಮುದುಕಪ್ಪ ಅವಳ ಮುಖ ನೋಡಿದ. ಅವನೂ ಹಲಗೆಯವನೇ, ಅವನಿಗೂ ಹೆಂಡತಿ ಇದ್ದಳು. "ಆತು ತಂಗಿ, ಸಾರ್ತೀನಿ," ಎಂದು ಮೊದಲಿನಿಂದ ಸಾರಿದ. ಪಕ್ಕದ ಮನೆಯ ಕಂಬಾರಗಿತ್ತಿ ಬಾಗಿಲಿಗೆ ಬಂದು ನನಗೂ ಕೇಳಿಸಲಿಲ್ಲ ಎಂದಳು. ಅದರಾಚೆಯ ನೇಕಾರ, ಮಗ್ಗದ ಸದ್ದಲ್ಲಿ ತಿಳಿಯಲಿಲ್ಲ ಎಂದ. ಅವನ ಮಗ್ಗ ಅಂದು ನಿಂತಿತ್ತು. ಮೊನ್ನೆ ಬಾಗಿಲು ಮುಚ್ಚಿದ್ದವರು ಇಂದು ಒಬ್ಬೊಬ್ಬರಾಗಿ ತೆರೆದು ಕಿವಿಗೆ ಕೈ ಹಿಡಿದರು. ಇಡೀ ಊರು ಕಿವುಡಾಯಿತು. ಕೋಟೆಯಿಂದ ಕುದುರೆಯವರು ಬಂದು ಹಲಗೆಯವನನ್ನು ಕಟ್ಟೆಗೆ ಎಳೆದೊಯ್ಯಲು ನೋಡಿದರು. ಸಾರುತ್ತಿರುವವನನ್ನು ಮುಟ್ಟಿದರೆ ಸುದ್ದಿ ಸುಳ್ಳೆಂದು ಒಪ್ಪಿದ ಹಾಗೆ ಎಂದು ಮುದುಕಪ್ಪ ನಗುತ್ತಾ ಹೇಳಿದ. ಅವರು ಕುದುರೆ ತಿರುಗಿಸಿದರು.

ಬಿಸಿಲು ಏರಿತು. ಹಲಗೆ ವಾಪಸು ಬರುವ ತನಕ ಪರಸಪ್ಪ ಇಳಿಯುವ ಹಾಗಿಲ್ಲ. ಜನ ಕಟ್ಟೆಯ ಸುತ್ತ ಕುಳಿತರು. ಮೊದಲು ಕೇಳಿದವಳು ಒಬ್ಬ ಬಾಣಂತಿ.

"ಪರಸಣ್ಣ, ನನ್ ಸೀಮಂತಕ್ಕ ಹಸಿರು ಬಳಿ ತೊಡಿಸಿದಿ. ಅವತ್ತ ನನ್ ಗಂಡ ಏನ್ ಅಂದ ಅಂತ ಯಾರಿಗೆ ಹೇಳಿದಿ?"

ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಹುಚ್ಚೆಂಗವ್ವ ಎಲ್ಲರದೂ ಮುಗಿಯಲಿ ಎಂದು ಕಾದಳು. ಅವಳದು ಒಂದೇ ಮಾತು.

"ನನ್ ಗಂಡ ಎಲ್ಲದಾನ?"

"ವೈರಿ ಕಡಿ ಓಡಿಹೋಗ್ಯಾನ."

"ನೀ ನೋಡಿದೇನು?"

"ಇಲ್ಲ. ಹೇಳ್ಯಾರ."

"ಯಾರು ಹೇಳ್ಯಾರ?"

"ಅದನ್ನ ಹೇಳಂಗಿಲ್ಲ."

"ಹಂಗಾರ ನೀ ಇಳಿ. ಹೇಳಿದಾಂವ ಬಂದು ಹತ್ತಲಿ."

ಅವನಿಗೆ ಇಳಿಯಲೂ ಆಗಲಿಲ್ಲ, ಹೇಳಲೂ ಆಗಲಿಲ್ಲ. ಇಳಿದರೆ ಸುಳ್ಳುಗಾರ, ಹೇಳಿದರೆ ಕಿವಿಮನೆ ಬಿಡುವುದಿಲ್ಲ. ಅವಳು ಮತ್ತೆ ಅದನ್ನೇ ಕೇಳಿದಳು. ದನಿ ಎತ್ತಲಿಲ್ಲ. ದೂರದಲ್ಲಿ ಮುದುಕಪ್ಪನ ಹಲಗೆ ಕೇಳುತ್ತಲೇ ಇತ್ತು, ಹತ್ತಿರ ಬರುತ್ತಲೇ ಇರಲಿಲ್ಲ. ಹೊತ್ತು ಇಳಿಯುವ ಹೊತ್ತಿಗೆ ಪರಸಪ್ಪ ಕುಸಿದು ಕುಳಿತು, ಅವಳ ಕಡೆ ನೋಡದೆ, "ಹಗೇವಿನ್ಯಾಗ," ಎಂದ. "ಕ್ವಾಟಿ ಒಳಗಿನ ಹಗೇವಿನ್ಯಾಗ."

ಹಗೇವು ಎಂದರೆ ನೆಲದೊಳಗೆ ಜೋಳ ತುಂಬುವ ಗುಂಡಿ. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಒಳಗೆ ಗಾಳಿಯಿಲ್ಲ, ಬೆಳಕಿಲ್ಲ. ಮುಚ್ಚಿದ ಹಗೇವಿಗೆ ಒಮ್ಮೆಲೇ ಇಳಿದವನು ಸಾಯುತ್ತಾನೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅಲ್ಲಿ ಇಟ್ಟಿದ್ದರು ಮನುಷ್ಯರನ್ನು. ಉಸಿರಿಗೆಂದು ಕಲ್ಲನ್ನು ಬೆರಳಗಲ ಸರಿಸಿದ್ದರಂತೆ, ಅದನ್ನು ದಯೆ ಎಂದುಕೊಂಡಿದ್ದರಂತೆ.

ಜನ ಕೋಟೆಗೆ ನುಗ್ಗಿದರು. ಬಾಗಿಲ ಕಾಯುವವನು ಈಟಿ ಗೋಡೆಗೆ ಒರಗಿಸಿ ಪಕ್ಕಕ್ಕೆ ಸರಿದ. ಕಲ್ಲು ಸರಿಸಿ, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿದರು. ಒಂದು ಹಗೇವಿನಿಂದ ಬಸವಂತ ಬಂದ, ಬೆಳಕಿಗೆ ಕಣ್ಣು ಬಿಡಲಾರದೆ. ಸಿದ್ದಮ್ಮ ಅವನ ಕಣ್ಣಿಗೆ ಸೆರಗು ಹಿಡಿದಳು. ಪಕ್ಕದ ಹಗೇವಿನಿಂದ ಮೈಲಪ್ಪನ ಹೆಣ ಬಂತು. ಅವನ ಬೆರಳ ತುದಿಗಳು ಸವೆದುಹೋಗಿದ್ದವು. ಗೋಡೆಯನ್ನೇ ಹಲಗೆ ಮಾಡಿಕೊಂಡು, ಜನರನ್ನು ಕರೆಯುವ ಪೆಟ್ಟನ್ನು ಬಡಿಯುತ್ತಿದ್ದ ಎಂದು ಬಸವಂತ ಹೇಳಿದ. ಮೇಲೆ ಕಾವಲಿದ್ದವರಿಗೆ ಅದು ಕೇಳುತ್ತಿತ್ತು. ಊರಿನ ಪಿಸುಮಾತನ್ನೆಲ್ಲ ಕೇಳುವುದೇ ಕೆಲಸವಾಗಿದ್ದವರು ಅದೊಂದನ್ನು ಕೇಳಿಸಿಕೊಳ್ಳಲಿಲ್ಲ.

ಹುಚ್ಚೆಂಗವ್ವ ಅಳಲಿಲ್ಲ ಎನ್ನುವವರಿದ್ದಾರೆ. ಅದು ಸುಳ್ಳು. ಅತ್ತಳು, ಹಗೇವಿನ ಬಾಯಿಗೆ ಕುಳಿತು ಎದೆ ಬಡಿದುಕೊಂಡು ಅತ್ತಳು. ಅತ್ತು ಎದ್ದಳು. ಹಲಗೆ ಕಾಯಿಸಿ ತರಲು ಹೇಳಿದಳು. ಮೈಲಪ್ಪ ಸತ್ತಿದ್ದಾನೆ, ನಾಯಕನ ಹಗೇವಿನಲ್ಲಿ ಸತ್ತಿದ್ದಾನೆ, ಕೊಂದವರು ಕಟ್ಟೆ ಹತ್ತಬೇಕು ಎಂದು ಸಾರುತ್ತಾ ಹೊರಟಳು.

ನಾಯಕ ಬಂದು ಕಟ್ಟೆ ಹತ್ತಿದ, ಬೆಳಗಿನ ತನಕ ನಿಂತ, ಕಿವಿಮನೆಯನ್ನು ತಾನೇ ಕೆಡವಿಸಿದ ಎಂದು ಕೆಲವರು ಹೇಳುತ್ತಾರೆ. ದೊರೆಗಳ ಅನ್ನ ಉಂಡವರು ಕಟ್ಟಿದ ಮಾತು ಅದು. ನಮ್ಮ ಕೇರಿಯಲ್ಲಿ ಹೇಳುವುದೇ ಬೇರೆ. ಯಾರೂ ಹತ್ತಲಿಲ್ಲ. ಪರಸಪ್ಪ ಊರು ಬಿಟ್ಟ. ದೊಡ್ಡಕಿವಿ ಯಾರೆಂದು ಕೊನೆಗೂ ತಿಳಿಯಲಿಲ್ಲ. ಕಿವಿಮನೆ ಕೆಡವಿದ್ದು ನಿಜ, ಆದರೆ ಕಲ್ಲನ್ನು ಕೋಟೆಯೊಳಗೇ ಇಟ್ಟುಕೊಂಡರು. ಆ ಕಲ್ಲಲ್ಲಿ ಏನು ಕಟ್ಟಿದರೋ, ಅದಕ್ಕೆ ಯಾವ ಹೆಸರಿಟ್ಟರೋ, ಅದನ್ನು ಯಾರೂ ಸಾರಿಸಲಿಲ್ಲ. ಹುಚ್ಚೆಂಗವ್ವ ಮುದುಕಿಯಾಗುವ ತನಕ ಹಲಗೆ ಬಡಿದಳು. ಅವಳು ಸತ್ತಾಗ ಊರೊಳಗಿನವರೂ ಹೆಗಲು ಕೊಟ್ಟರು ಎನ್ನುತ್ತಾರೆ.

ಈಗಲೂ ಆ ಊರಲ್ಲಿ ಯಾರನ್ನಾದರೂ ಹಿಡಿದುಕೊಂಡು ಹೋದರೆ, ಕಳ್ಳನೇ ಇರಲಿ, ಕುಡುಕನೇ ಇರಲಿ, ಹೆಂಗಸರು ಒಲೆಗೆ ನೀರು ಚಿಮುಕಿಸಿ ಬೀದಿಗೆ ಬರುತ್ತಾರೆ. ಅವನ ಹೆಸರು ಕೂಗುತ್ತಾರೆ. ಎಲ್ಲಿಟ್ಟಿದ್ದೀರಿ, ಯಾರ ಮಾತಿನ ಮೇಲೆ ಇಟ್ಟಿದ್ದೀರಿ ಎಂದು ಅಧಿಕಾರದವನೊಬ್ಬ ಬಂದು ತನ್ನ ಹೆಸರು ಹೇಳಿ ಉತ್ತರ ಕೊಡುವ ತನಕ ಇಡೀ ಊರಲ್ಲಿ ಒಲೆ ಹಚ್ಚುವುದಿಲ್ಲ. ಹಸಿದ ಮಕ್ಕಳು ಅಳುತ್ತವೆ. ಅಳಲಿ ಬಿಡಿ, ದೂರದ ತನಕ ಕೇಳಿಸುತ್ತದೆ ಎನ್ನುತ್ತಾರೆ ತಾಯಂದಿರು.