ಹಾಲಗುಂದಿಯ ಗಳಿಗೆ ಬಟ್ಟಲು

ಗಳಿಗೆ ತಪ್ಪಿದ ಲಗ್ನ ಮೂರು ವರ್ಷ ಬಾಳುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಹಾಲಗುಂದಿ ಮಠದ ಅಂಗಳದಲ್ಲಿ ಆದ ಲಗ್ನ ಮುರಿಯುವುದಿಲ್ಲ ಎಂಬುದೂ ಸುತ್ತಲಿನ ಊರುಗಳಿಗೆ ಗೊತ್ತಿದ್ದ ಮಾತು. ಕಾರಣ, ಮಠದ ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿದ್ದ ಆ ತಾಮ್ರದ ಬಟ್ಟಲನ್ನು ಸೂರ್ಯೋದಯಕ್ಕೆ ನೀರಿನಲ್ಲಿ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಎಂದರೆ ಇಪ್ಪತ್ತನಾಲ್ಕು ನಿಮಿಷ. ಮುಳುಗಿದ್ದನ್ನು ಎತ್ತಿ ಮತ್ತೆ ತೇಲಿಬಿಟ್ಟು ಎಣಿಸುತ್ತ ಕೂರುವ ಕೆಲಸ ಪೂಜ್ಯ ಅವಿಚಲಾನಂದರದು. ಪೀಠ, ಪಲ್ಲಕ್ಕಿ ಅವರಿಗೆ ಇರಲಿಲ್ಲ. ಲಗ್ನವಿಲ್ಲದ ದಿನ ಹಿತ್ತಲ ಬಾವಿಯ ಬಳಿ ಕುಳಿತು ಮಠದ ಪಾತ್ರೆ ತಿಕ್ಕುತ್ತಿದ್ದರು.

ಒಂದು ಬೆಳಿಗ್ಗೆ ಅಲ್ಲಿಗೆ ಸ್ಟೇಶನ್ ಮಾಸ್ತರ ತಿರುಮಲರಾಯರು ಬಂದರು. ಅವರು ಹಾಲಗುಂದಿಯ ಅಳಿಯ. ಮೂರು ದಿನದ ಹಿಂದೆ ಅವರ ಮಗಳು ಚಂಪಾಳ ಲಗ್ನವೂ ಆ ಅಂಗಳದಲ್ಲೇ ಆಗಿತ್ತು. ಐದನೆಯ ಗಳಿಗೆ ತುಂಬುತ್ತಲೇ ಸ್ವಾಮಿಗಳು ಕೈಯೆತ್ತಿದರು, ವಾದ್ಯ ಮೊಳಗಿತು, ತಾಳಿ ಕಟ್ಟಿದ್ದಾಯಿತು. ಎಲ್ಲರೂ ಅಕ್ಷತೆ ಹಾಕುವಾಗ ರಾಯರು ಅಭ್ಯಾಸಬಲದಿಂದ ಜೇಬಿನ ಗಡಿಯಾರ ನೋಡಿದ್ದರು. ಸೂರ್ಯೋದಯದಿಂದ ಎರಡು ಗಂಟೆಯಾಗಬೇಕಿತ್ತು. ಹದಿನೈದು ನಿಮಿಷ ಹೆಚ್ಚಾಗಿತ್ತು. ಅಂದಿನಿಂದ ಅವರಿಗೆ ಊಟ ಸೇರಿರಲಿಲ್ಲ. ಇಂದು ಮಧ್ಯಾಹ್ನ ಮಗಳು ಗಂಡನ ಮನೆಗೆ ಹೊರಡುವವಳಿದ್ದಳು.

ರಾಯರು ನಿಂತೇ ಎಲ್ಲ ಹೇಳಿದರು. ಬಟ್ಟಲು ತಪ್ಪು, ಗಡಿಯಾರ ಸರಿ. ಅದನ್ನು ನಂಬಿ ದಿನಕ್ಕೆ ಆರು ಗಾಡಿ ಓಡುತ್ತವೆ. ಹುಡುಗಿಯನ್ನು ನಿಲ್ಲಿಸಿಕೊಂಡು ಬೇರೆ ಮುಹೂರ್ತದಲ್ಲಿ ಮತ್ತೆ ತಾಳಿ ಕಟ್ಟಿಸಬೇಕು. ಕಾರಣ ಕೇಳಿದ ಬೀಗರು ಅವಳನ್ನು ಬಿಟ್ಟೇ ಹೋಗಬಹುದು ಎಂಬುದು ಅವರಿಗೆ ಗೊತ್ತಿತ್ತು. ಹೇಳದಿದ್ದರೆ ಮುಂದಿನ ಮೂರು ವರ್ಷ ಹೇಗೆ ಕಳೆಯುವುದು ಎಂಬುದು ಗೊತ್ತಿರಲಿಲ್ಲ.

ಸ್ವಾಮಿಗಳು ಬಟ್ಟಲನ್ನು ತಂದು ಕೊಳಗದ ನೀರಿನಲ್ಲಿ ತೇಲಿಬಿಟ್ಟು, ಗಡಿಯಾರ ಹಿಡಿಯಲು ಹೇಳಿದರು. ಇಬ್ಬರೂ ಬಟ್ಟಲನ್ನು ನೋಡುತ್ತ ಕುಳಿತರು. ಬಟ್ಟಲು ಮುಳುಗಿದಾಗ ಇಪ್ಪತ್ತೇಳು ನಿಮಿಷವಾಗಿತ್ತು.

“ನಿಮ್ಮ ಗಡಿಯಾರ ಖರೇ ಅದ,” ಎಂದರು ಸ್ವಾಮಿಗಳು. “ರಾಯರ, ನಿಮ್ಮ ಲಗ್ನ ಎಲ್ಲಿ ಆತು?”

“ಇಲ್ಲೇ, ಅಜ್ಜಾರ. ಇಪ್ಪತ್ತಾರು ವರ್ಷದ ಹಿಂದ.”

“ಮನಿಯವರು ಹೆಂಗಿದ್ದಾರ?”

“ಹೆಂಗಿರತಾರ? ಈಗ ಬರೋ ಮುಂದನೂ ಬೈದೇ ಕಳಿಸ್ಯಾಳ. ಲಗ್ನದ ಮನ್ಯಾಗ ಸೂತಕದ ಮಾರಿ ಹೊತಗೊಂಡು ಅಡ್ಡಾಡಬ್ಯಾಡ್ರಿ ಅಂದಳು.”

ಸ್ವಾಮಿಗಳು ನಕ್ಕರು. ಬಟ್ಟಲನ್ನು ಬೋರಲು ಹಾಕಿ ತಳ ತೋರಿಸಿದರು. ತೂತಿನ ಸುತ್ತ ಹಳೆಯ ಬೆಸುಗೆಯಿತ್ತು.

“ನಾ ಮಠಕ್ಕ ಬಂದ ವರ್ಷ ನನ್ನ ಕೈಯಿಂದ ಬಿದ್ದು ತಳ ಸೀಳಿತು. ಕಂಚುಗಾರ ಬೆಸಿಗಿ ಹಾಕಿ, ಅಂದಾಜಿನ ಮ್ಯಾಲೆ ಹೊಸಾ ತೂತು ಕೊರದ. ಹುಡುಗಿನ್ನ ಕಳಿಸ್ರಿ.”

ರಾಯರು ಬಹಳ ಹೊತ್ತು ಆ ತೂತನ್ನೇ ನೋಡಿದರು. ಆಮೇಲೆ ಗಡಿಯಾರದ ಮುಚ್ಚಳ ಹಾಕಿ, ಮಠದಲ್ಲಿ ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು. ಎರಡು ಸಲ ಹುಳಿ ಹಾಕಿಸಿಕೊಂಡು ಉಂಡರು. ಮಧ್ಯಾಹ್ನ ಮಗಳನ್ನು ಗಾಡಿ ಹತ್ತಿಸಿದಾಗ ಅವರ ಕಣ್ಣು ಒದ್ದೆಯಾಗಿದ್ದು ಎಲ್ಲ ತಂದೆಯರಿಗೂ ಆಗುವಷ್ಟೇ. ಮಠದ ಅಜ್ಜ ಏನು ಹೇಳಿದರೆಂದು ಹೆಂಡತಿ ಕೇಳಿದರೆ, ಊಟ ಹಾಕಿದರು ಎಂದರು. ಮುಂದೆ ಯಾವ ಲಗ್ನಕ್ಕೂ ಅವರು ಗಡಿಯಾರ ಒಯ್ಯಲಿಲ್ಲ.

ಸ್ವಾಮಿಗಳು ಅವರಿಗೆ ಮಂತ್ರೋಪದೇಶ ಮಾಡಿದರೆಂದು ಕೆಲವು ಭಕ್ತರು ಹೇಳುತ್ತಾರೆ. ಮಾಡಿರಲಿಲ್ಲ. ಬಟ್ಟಲಿಗೆ ಬೆಸುಗೆ ಬಿದ್ದು ಆಗ ಮೂವತ್ತೊಂದು ವರ್ಷವಾಗಿತ್ತು. ಅಷ್ಟರಲ್ಲಿ ಆ ಅಂಗಳದಲ್ಲಿ ಇನ್ನೂರ ಹನ್ನೊಂದು ಲಗ್ನಗಳಾಗಿದ್ದವು. ಗಳಿಗೆಗೆ ಸರಿಯಾಗಿ ಒಂದೂ ಆಗಿರಲಿಲ್ಲ.